ಗೊರಬಲು, ಕೂರಿಗೆ ಮತ್ತು ಗಿಟ್‌ಹಬ್

ಹೊನ್ನಾಳಿಯಲ್ಲಿ ನನ್ನ ಹತ್ತಿರ ಕಂಪ್ಯೂಟರ್ ಕಲಿಯುವ ಹುಡುಗರು ನಮ್ಮ ಸೀಮೆಯ ಬೇಸಾಯದ ಪದಗಳನ್ನು ಕೂಡಿಸಿ ಸಣ್ಣದೊಂದು ಆ್ಯಪ್ ಮಾಡುತ್ತಿದ್ದಾರೆ. ಚನ್ನಗಿರಿಯವರು ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಗೊರಬಲು ತಂದರೆ, ಜಗಳೂರಿನವಳು ಬಿತ್ತುವ ಕೂರಿಗೆ, ಕಳೆ ತೆಗೆಯುವ ಎಡೆಕುಂಟೆ ಸೇರಿಸುತ್ತಾಳೆ. ಕೋಡ್ ಬರೆಯುವವನು ನ್ಯಾಮತಿಯವನು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂಬ ಆಸೆ. ಇದನ್ನೆಲ್ಲ ಇಡುವುದು ಎಲ್ಲಿ? ವಾಟ್ಸಾಪ್‌ನಲ್ಲಿ ಜಿಪ್ ಫೈಲ್ ಓಡಾಡಿಸಿದರೆ ವಾರದೊಳಗೆ ಹೊಸದು ಯಾವುದು, ಹಳೆಯದು ಯಾವುದು ಎಂದು ಯಾರಿಗೂ ತಿಳಿಯದು.

ಮಾದರಿ ಕನ್ನಡದಲ್ಲೇ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂತು. ಒಂದೂವರೆ ಲಕ್ಷ ದಾಟಿದ ಪದಗಳ ಆ ಕಡತ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿದೆ.

ಹುಡುಗರೂ ಗಿಟ್‌ಹಬ್ ಎಂದರು. 2008ರಲ್ಲಿ ಶುರುವಾದ ಅದನ್ನು 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಕೊಂಡಿತು. ತಿದ್ದುಪಡಿ ಕಳಿಸುವ ಅಪರಿಚಿತರು ಹೆಚ್ಚಾಗಿ ಸಿಗುವುದು ಅಲ್ಲೇ, ಅದನ್ನು ಅಲ್ಲಗಳೆಯಲಾರೆ. ಅಂಥದೇ ತಾಣವಾದ ಜರ್ಮನಿಯ ಕೋಡ್‌ಬರ್ಗ್ ಬೇರೆ ಜಾತಿ; ಚನ್ನಗಿರಿಯ ಅಡಿಕೆ ಬೆಳೆಗಾರರ ತುಮ್ಕೋಸ್ ಇದ್ದ ಹಾಗೆ, ಸದಸ್ಯರೇ ನಡೆಸುವ ಸಂಘ. ಇನ್ನೊಂದು, ಗಿಟ್‌ಲ್ಯಾಬ್, ಅದನ್ನು ಸ್ವಂತ ಸರ್ವರಿನಲ್ಲೂ ಕೂರಿಸಬಹುದು, ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್‌ನವರು ಹಾಗೇ ಮಾಡಿದ್ದಾರೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಸರ್ವರ್ ಮಲಗಿದರೆ ನಮ್ಮಲ್ಲಿ ಎಬ್ಬಿಸುವವರು ಯಾರು?

ನಾನು ಕೇಳುವುದು ಇಷ್ಟೇ: ನಾಳೆ ಆ ತಾಣ ಮುಚ್ಚಿದರೆ? ಇಂಥದೇ ತಾಣ ಗೂಗಲ್ ಕೋಡ್ 2006ರಲ್ಲಿ ಬಂತು, 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಕೋಡ್‌ಗೇನೂ ಭಯವಿಲ್ಲ. ಈ ತಾಣಗಳ ಬೆನ್ನೆಲುಬಾದ ಗಿಟ್ ತಂತ್ರಾಂಶವನ್ನು 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಕಟ್ಟಿದ ರೀತಿಯೇ ಅಂಥದ್ದು. ಕೆಲಸ ಮಾಡುವ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಇತಿಹಾಸ ಇರುತ್ತದೆ. ಕಳೆದುಹೋಗುವುದು ಸುತ್ತಲಿನ ಮಾತು. ಗೊರಬಲನ್ನು ಹೇಗೆ ವಿವರಿಸಬೇಕು ಎಂಬ ಜಗಳ, ಯಾರೋ ತೋರಿಸಿದ ತಪ್ಪು, ಅದಕ್ಕೆ ಕೊಟ್ಟ ಉತ್ತರ, ಇವು ಗಿಟ್‌ನೊಳಗಲ್ಲ, ತಾಣ ನಡೆಸುವವರ ಡೇಟಾಬೇಸಿನಲ್ಲಿ ಇರುತ್ತವೆ. ಪದಕೋಶದಂಥ ಕೆಲಸದಲ್ಲಿ ಅರ್ಧ ಆಸ್ತಿ ಆ ಜಗಳವೇ.

ಹಾಗಾಗಿ ಗಿಟ್‌ಹಬ್‌ನಲ್ಲೇ ಇಡಿ, ಕೋಡ್‌ಬರ್ಗ್‌ನಲ್ಲಿ ಇನ್ನೊಂದು ಪ್ರತಿ ಇರಲಿ, ತೀರ್ಮಾನವಾದ ಚರ್ಚೆಯನ್ನು ಬರೆದು ಕೋಡ್ ಜೊತೆಗೇ ಸೇರಿಸಿ ಎಂದೆ. ಪರವಾನಗಿಯ ಕಡತ ಮೊದಲ ದಿನವೇ ಹಾಕಬೇಕು. ಅದಿಲ್ಲದೆ ಎಲ್ಲರಿಗೂ ಕಾಣುವಂತೆ ಇಟ್ಟ ಮಾತ್ರಕ್ಕೆ ತಂತ್ರಾಂಶ ಮುಕ್ತವಾಗುವುದಿಲ್ಲ. ಖಾತೆಯಂತೂ ಒಬ್ಬನ ಹೆಸರಿನಲ್ಲಿ ಬೇಡವೇ ಬೇಡ. ನ್ಯಾಮತಿಯವನು ನಾಳೆ ಬೆಂಗಳೂರಿನ ಕೆಲಸ ಹಿಡಿದು ಫೋನ್ ಎತ್ತದಿದ್ದರೂ, ಜಗಳೂರಿನವಳು ಹೊಸ ಪದ ಸೇರಿಸುವಂತಿರಬೇಕು.