ಚಿತ್ರದಲ್ಲಿರುವ ಮಕ್ಕಳು ಯಾರ ಮಕ್ಕಳು?

ನಮ್ಮ ಧರ್ಮಕೇಂದ್ರದ ಸಂಚಿಕೆಯು ಮನೆಮನೆಗೆ ತಲುಪಿದ ಮರುವಾರದ ಮಾತು. ಭಾನುವಾರದ ಬಲಿಪೂಜೆ ಮುಗಿದ ಬಳಿಕ, ಎಪ್ಪತ್ತೈದು ದಾಟಿದ ಮಾತೆಯೊಬ್ಬರು ಸಂಚಿಕೆಯನ್ನು ಕೈಯಲ್ಲಿ ಹಿಡಿದು ಗುರುನಿವಾಸದ ಜಗಲಿಗೆ ಬಂದರು. ಮೊಂತಿ ಫೆಸ್ತಿನ ಕುರಿತಾದ ಲೇಖನದ ಪುಟವನ್ನು ತೆರೆದು, ಅದರ ಮೇಲ್ಭಾಗದಲ್ಲಿ ಅಚ್ಚಾಗಿದ್ದ ಚಿತ್ರವನ್ನು ನನಗೆ ತೋರಿಸಿದರು. ಹೂವಿನ ಬುಟ್ಟಿ ಹಿಡಿದ ಏಳೆಂಟು ಮಕ್ಕಳು. ಅವರ ಹಿಂದೆ ಇಗರ್ಜಿಯ ಮುಖಮಂಟಪ. ಎಲ್ಲರ ಮುಖದ ಮೇಲೂ ಹೊಂಬಿಸಿಲು. "ಫಾದರ್, ಈ ಮಕ್ಕಳು ಯಾವ ವಾರ್ಡಿನವರು? ಕನ್ನಡಕ ಹಾಕಿ ನೋಡಿದರೂ ಒಬ್ಬರ ಗುರುತೂ ಸಿಗುತ್ತಿಲ್ಲ" ಎಂದು ಕೇಳಿದರು. ಆ ವರ್ಷ ಅವರ ಮೊಮ್ಮಗಳೂ ಒಂಬತ್ತು ದಿನ ತಪ್ಪದೆ ಮರಿಯಮ್ಮನವರಿಗೆ ಹೂ ಅರ್ಪಿಸಿದ್ದಳು. ಅಜ್ಜಿ ಅವಳ ಮುಖವನ್ನು ಹುಡುಕುತ್ತಿದ್ದರು.

ಆ ಮಕ್ಕಳು ಯಾರ ಮಕ್ಕಳೂ ಅಲ್ಲವೆಂದು ನಾನು ಹೇಳಬೇಕಾಯಿತು. ಚಿತ್ರವನ್ನು ಕಂಪ್ಯೂಟರಿನ ಕೃತಕ ಬುದ್ಧಿಮತ್ತೆ ರಚಿಸಿತ್ತು. ನಮ್ಮ ಯುವಕರು ನಾಲ್ಕು ಸಾಲಿನ ವಿವರಣೆ ಬರೆದುಕೊಟ್ಟು ಅದನ್ನು ಪಡೆದಿದ್ದರು; ಅಚ್ಚಿಗೆ ಒಪ್ಪಿಗೆ ಕೊಟ್ಟವನು ನಾನೇ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗೋ? ನಾನು ಒಬ್ಬೊಬ್ಬರ ಮೇಲೂ ಬೆರಳಿಟ್ಟು ಅವರಿಗಾಗಿ ಪ್ರಾರ್ಥಿಸಿದ್ದೆ" ಎಂದರು. ಬಳಿಕ, ಹೊರಡುವ ಮುನ್ನ, "ಕೈಯಲ್ಲಿರುವುದು ಭತ್ತದ ತೆನೆಯೂ ಅಲ್ಲ ಫಾದರ್, ಗೋಧಿ" ಎಂದು ಸೇರಿಸಿದರು. ಲೇಖನವನ್ನು ಮೂರು ಬಾರಿ ತಿದ್ದಿದ್ದ ನನ್ನ ಕಣ್ಣಿಗೆ ಆ ಗೋಧಿ ಬಿದ್ದಿರಲಿಲ್ಲ.

ಮುಂದಿನ ದಿನಗಳಲ್ಲಿ ಇತರರ ಅಭಿಪ್ರಾಯಗಳೂ ಬಂದವು. ಸಂಚಿಕೆ ಈ ಬಾರಿ ಬಹಳ ಸೊಗಸಾಗಿದೆಯೆಂದು ಕೆಲವರು ಮೆಚ್ಚಿದರು. ಮಕ್ಕಳ ಛಾಯಾಚಿತ್ರಗಳನ್ನು ಎಲ್ಲೆಡೆ ಹರಡುವುದಕ್ಕಿಂತ ಇದೇ ಕ್ಷೇಮವೆಂದು ಒಬ್ಬ ತಂದೆ ಹೇಳಿದರು. ಶಿಕ್ಷಕಿಯೊಬ್ಬರು ಮಾತ್ರ ನೇರವಾಗಿ ನುಡಿದರು: "ಚಿತ್ರ ಕಂಡ ಮೇಲೆ ಲೇಖನವನ್ನೂ ಯಂತ್ರವೇ ಬರೆದಿರಬೇಕೆಂದುಕೊಂಡೆ. ಓದಲಿಲ್ಲ." ಲೇಖನ ಬರೆದವರು ನಮ್ಮಲ್ಲಿನ ನಿವೃತ್ತ ಅಧ್ಯಾಪಕರು, ತಮ್ಮ ಬಾಲ್ಯದ ತೆನೆಹಬ್ಬವನ್ನು ನೆನೆದು ಒಂದು ತಿಂಗಳು ಶ್ರಮಿಸಿದ್ದರು. ಒಂದು ಚಿತ್ರ ಅವರ ಶ್ರಮದ ಮೇಲೆಯೇ ಸಂಶಯದ ನೆರಳು ಬೀಳಿಸಿತ್ತು.

ಯುವಕರನ್ನು ದೂರುವುದು ನನ್ನ ಉದ್ದೇಶವಲ್ಲ. ಚಿತ್ರಕಾರರಿಗೆ ಸಂಭಾವನೆ ಕೊಡುವ ಶಕ್ತಿ ಸಣ್ಣ ಸಂಚಿಕೆಗಿಲ್ಲ. ಮಳೆಯಲ್ಲಿ ತೆಗೆದ ಫೋಟೋಗಳು ಮಸುಕಾಗಿದ್ದವು. ಆದರೆ ಯಂತ್ರವು ಏನು ಮಾಡುತ್ತದೆಂಬುದನ್ನು ನಾವಾರೂ ವಿಚಾರಿಸಿರಲಿಲ್ಲ. ಅಂತರ್ಜಾಲದ ಅಸಂಖ್ಯ ಚಿತ್ರಗಳನ್ನೂ ಅವುಗಳ ಜೊತೆಗಿರುವ ಬರಹಗಳನ್ನೂ ಹೋಲಿಸಿ ಅದು ಕಲಿಯುತ್ತದೆ. 2022ರಲ್ಲಿ ಬಿಡುಗಡೆಯಾದ ಲೈಯಾನ್-5ಬಿ ಎಂಬ ಒಂದೇ ಸಂಗ್ರಹದಲ್ಲಿ ಅಂತಹ ಸುಮಾರು 585 ಕೋಟಿ ಜೋಡಿಗಳಿದ್ದವು. ಬಳಿಕ, ಅರ್ಥವಿಲ್ಲದ ಚುಕ್ಕಿಗಳ ರಾಶಿಯಿಂದ ಆರಂಭಿಸಿ, ನಾವು ಕೊಟ್ಟ ಪದಗಳಿಗೆ ಹೊಂದುವ ರೂಪ ಮೂಡುವವರೆಗೆ ಹಂತಹಂತವಾಗಿ ಆ ಗೊಂದಲವನ್ನು ಅಳಿಸುತ್ತ ಹೋಗುತ್ತದೆ. ಹಬ್ಬದ ತೆನೆಯೆಂದರೆ ಲೋಕದ ಬಹುಪಾಲು ಚಿತ್ರಗಳು ತೋರಿಸುವುದು ಯಾವುದೋ, ಅದನ್ನೇ ಅದು ಬರೆದಿರಬೇಕು. ನಮ್ಮ ಬೈಲಿನ ಗದ್ದೆ ಅದಕ್ಕೆ ತಿಳಿಯದು. ಅದು ಎಲ್ಲಿಗೂ ಹೋಗಿ ಏನನ್ನೂ ನೋಡಿ ಬಂದುದಲ್ಲ.

ಹಾಗಾದರೆ ಕಣ್ಣಾರೆ ಕಾಣದುದನ್ನು ಚಿತ್ರಿಸುವುದೇ ತಪ್ಪೇ? ಖಂಡಿತ ಅಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ-ಮಾಳಿಗೆಗಳನ್ನು ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ಅವರು 1899ರಿಂದ 1901ರ ಅವಧಿಯಲ್ಲಿ ಚಿತ್ರಿಸಿದರು. ಸಂತ ಅಲೋಶಿಯಸರು ತೀರಿಕೊಂಡದ್ದು 1591ರಲ್ಲಿ. ಮುನ್ನೂರು ವರ್ಷಗಳ ಹಿಂದಿನ ಆ ಯುವಸಂತನನ್ನು ಮೊಸ್ಕೇನಿ ಕಂಡಿರಲಿಲ್ಲ. ಆದರೂ ಆ ಚಿತ್ರಗಳ ಕೆಳಗೆ ನಿಂತವರಾರೂ ತಾವು ಮೋಸಹೋದೆವೆಂದು ಹೇಳಿದ್ದಿಲ್ಲ. ಅದು ಕುಂಚದ ಕೆಲಸವೆಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ನಮಗೆ ಸಂತ ಅಗಸ್ಟೀನರ 'ಸೊಲಿಲೋಕ್ವಿಯಾ' ಎಂಬ ಕೃತಿಯ ಪರಿಚಯವಾಗಿತ್ತು. 387ರ ಸುಮಾರಿಗೆ ಬರೆದ ಆ ಗ್ರಂಥದಲ್ಲಿ ಅವರು ಒಂದು ಸ್ವಾರಸ್ಯಕರ ವಿಚಾರವನ್ನು ಮುಂದಿಡುತ್ತಾರೆ. ಚಿತ್ರದ ಕುದುರೆ ನಿಜವಾದ ಕುದುರೆಯಲ್ಲ. ಆದರೆ ಅದು ನಿಜವಾದ ಕುದುರೆಯಾಗದಿರುವುದರಿಂದಲೇ ನಿಜವಾದ ಚಿತ್ರವಾಗಿದೆ. ಚಿತ್ರಕ್ಕೆ ಅದರದೇ ಆದ ಒಂದು ಪ್ರಾಮಾಣಿಕತೆಯುಂಟೆಂಬುದು ಇದರಿಂದ ನನಗೆ ತಿಳಿದ ಪಾಠ: "ನಾನು ಚಿತ್ರ" ಎಂದು ಅದು ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಛಾಯಾಚಿತ್ರದ ಪ್ರಾಮಾಣಿಕತೆ ಬೇರೆ ಬಗೆಯದು. "ಇವರು ಇಲ್ಲಿದ್ದರು, ಬೆಳಕು ಇವರ ಮೇಲೆ ಬಿದ್ದಿತ್ತು" ಎಂದು ಅದು ಸಾಕ್ಷಿ ನುಡಿಯುತ್ತದೆ. ನಮ್ಮ ಸಂಚಿಕೆಯ ಚಿತ್ರ ಸಾಕ್ಷಿಯ ವೇಷ ತೊಟ್ಟಿತ್ತು, ಆದರೆ ಏನನ್ನೂ ಕಂಡಿರಲಿಲ್ಲ. ಆ ತಾಯಿಯನ್ನು ನೋಯಿಸಿದ್ದು ಇದೇ ಹೊರತು ಗೋಧಿಯ ತೆನೆಯಲ್ಲ.

2023ರ ಮಾರ್ಚ್ ತಿಂಗಳಲ್ಲಿ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಉಬ್ಬಿದ ಬಿಳಿಯ ಚಳಿಗಾಲದ ಕೋಟು ಧರಿಸಿ ನಡೆಯುತ್ತಿರುವ ಚಿತ್ರವೊಂದು ಲೋಕವೆಲ್ಲ ಸುತ್ತಿದ್ದನ್ನು ಹಲವರು ಬಲ್ಲಿರಿ. ಮಿಡ್‌ಜರ್ನಿ ಎಂಬ ತಂತ್ರಾಂಶದಿಂದ ಹುಟ್ಟಿದ ಆ ಚಿತ್ರವನ್ನು ಅನೇಕರು ನಂಬಿದರು. ತಾವೂ ಇಂತಹ ಚಿತ್ರಕ್ಕೆ ವಸ್ತುವಾದುದನ್ನು ಪೋಪರು 2024ರ ಜನವರಿ 24ರಂದು ಪ್ರಕಟವಾದ ವಿಶ್ವ ಸಂವಹನ ದಿನದ ಸಂದೇಶದಲ್ಲಿ ಸ್ಮರಿಸಿದರು. ಆದರೂ ಅದು ನಗೆಯಲ್ಲಿ ಮುಗಿದ ಪ್ರಸಂಗ.

ನಗಲಾಗದ ಪ್ರಸಂಗವೊಂದು 2023ರಲ್ಲೇ ನಡೆಯಿತು. 2021ರಲ್ಲಿ ಕೊಲಂಬಿಯಾ ದೇಶದಲ್ಲಿ ನಡೆದ ಪ್ರತಿಭಟನೆಗಳನ್ನು ಪೊಲೀಸರು ಕ್ರೂರವಾಗಿ ಹತ್ತಿಕ್ಕಿದ್ದನ್ನು ನೆನಪಿಸಲು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು ಯಂತ್ರನಿರ್ಮಿತ ಚಿತ್ರಗಳನ್ನು ಬಳಸಿತು. ಒಂದು ಚಿತ್ರದಲ್ಲಿ ಮಹಿಳೆಯೊಬ್ಬಳನ್ನು ಪೊಲೀಸರು ಎಳೆದೊಯ್ಯುತ್ತಿದ್ದರು. ಸಂಸ್ಥೆಯ ಉದ್ದೇಶ ಸದುದ್ದೇಶವೇ: ನಿಜವಾದ ಪ್ರತಿಭಟನಕಾರರ ಮುಖಗಳು ಬಯಲಾಗಿ ಅವರಿಗೆ ತೊಂದರೆಯಾಗಬಾರದು. ಚಿತ್ರ ಯಂತ್ರದ್ದೆಂಬ ಸೂಚನೆಯನ್ನೂ ಹಾಕಲಾಗಿತ್ತು. ಆದರೂ ಆಕ್ಷೇಪಗಳು ಸುರಿದವು. ಮಹಿಳೆ ಹೊದ್ದ ರಾಷ್ಟ್ರಧ್ವಜದಲ್ಲಿ ಹಳದಿ, ನೀಲಿ, ಕೆಂಪು ಬಣ್ಣಗಳ ಕ್ರಮವೇ ತಪ್ಪಾಗಿತ್ತು. ಪೊಲೀಸರ ಸಮವಸ್ತ್ರ ಹಳೆಯ ಕಾಲದ್ದಾಗಿತ್ತು. ನಮ್ಮ ಅಜ್ಜಿಯ ಕಣ್ಣಿಗೆ ಗೋಧಿ ಬಿದ್ದಂತೆಯೇ ಆ ತಪ್ಪುಗಳೂ ನೋಡುಗರ ಕಣ್ಣಿಗೆ ಬಿದ್ದವು. ಸಂಸ್ಥೆ ಚಿತ್ರಗಳನ್ನು ಹಿಂತೆಗೆದುಕೊಂಡಿತು.

ಈ ಘಟನೆಯಿಂದ ನಾನು ಕಲಿತದ್ದಿದೆ. ಚಿತ್ರದ ಕೆಳಗೆ ಒಂದು ಸೂಚನೆ ಹಾಕಿದರೆ ದೋಷವೆಲ್ಲ ಪರಿಹಾರವಾಗುವುದೆಂದು ಮೊದಲು ಎಣಿಸಿದ್ದೆ. ಅದು ಸಾಲದು. ಬರಹ ಯಾವ ಜಾತಿಯದೆಂಬುದನ್ನು ಮೊದಲು ಕೇಳಬೇಕು. ದೃಷ್ಟಾಂತ ಕಥೆ, ಮಕ್ಕಳ ಕಥೆ, ಕವಿತೆ - ಇವು ಕಲ್ಪನೆಯ ಮನೆಯವು. ಅಲ್ಲಿ ಯಂತ್ರದ ಚಿತ್ರವಿದ್ದರೆ, ಸೂಚನೆಯೂ ಇದ್ದರೆ, ಯಾರಿಗೂ ಅನ್ಯಾಯವಿಲ್ಲ. ಆದರೆ "ಹೀಗೆ ನಡೆಯಿತು, ಇವರು ಹೀಗೆ ಬಾಳಿದರು, ಹೀಗೆ ನೊಂದರು" ಎಂದು ಹೇಳುವ ಬರಹ ಸಾಕ್ಷಿಯ ಕಟಕಟೆಯಲ್ಲಿ ನಿಂತಿರುತ್ತದೆ. ಅದರ ಪಕ್ಕದಲ್ಲಿ ಏನನ್ನೂ ಕಾಣದ ಸಾಕ್ಷಿಯನ್ನು ನಿಲ್ಲಿಸಿದರೆ, ಕಂಡವರ ಮಾತಿನ ಮೇಲೂ ಸಂಶಯ ಹುಟ್ಟುತ್ತದೆ. ನಿಜವಾಗಿ ಎಳೆದಾಟಕ್ಕೊಳಗಾದ ಮಹಿಳೆಯ ನೋವನ್ನು ನಾಳೆ ಯಾರಾದರೂ "ಇದೂ ಯಂತ್ರದ್ದೇ" ಎಂದು ತಳ್ಳಿಹಾಕಬಹುದು. ಸುಳ್ಳನ್ನು ನಂಬುವುದು ಒಂದು ಅಪಾಯ. ಸತ್ಯವನ್ನು ನಂಬದಿರುವುದು ಅದಕ್ಕಿಂತ ದೊಡ್ಡ ಅಪಾಯ.

ಈ ವಿಷಯವನ್ನು ಸಂಚಿಕೆಯ ಯುವಕರೊಂದಿಗೆ ಕುಳಿತು ಚರ್ಚಿಸಿದೆ. ವಾದ-ಪ್ರತಿವಾದಗಳು ನಡೆದವು, ಕೊನೆಗೆ ಒಂದು ನಿರ್ಧಾರಕ್ಕೆ ಬಂದೆವು. ನಮ್ಮ ಜನರ, ನಮ್ಮ ಹಬ್ಬಗಳ, ಅಗಲಿದವರ ಕುರಿತಾದ ಪುಟಗಳಲ್ಲಿ ಯಂತ್ರದ ಚಿತ್ರ ಬೇಡ. ಮಕ್ಕಳ ಫೋಟೋ ಅಚ್ಚುಹಾಕಲು ತಂದೆತಾಯಿಯರ ಅನುಮತಿ ಬೇಕು. ಅನುಮತಿ ಸಿಗದಿದ್ದರೆ ಬುಟ್ಟಿಯ ಹೂವನ್ನೋ, ಆಶೀರ್ವದಿಸಿದ ತೆನೆಯನ್ನೋ ತೋರಿಸಿದರೆ ಸಾಕು. ಉಳಿದ ಕಡೆ ಯಂತ್ರದ ಚಿತ್ರ ಬಳಸಿದರೆ ಅದನ್ನು ಸ್ಪಷ್ಟ ಅಕ್ಷರಗಳಲ್ಲಿ ತಿಳಿಸಬೇಕು.

ಮುಂದಿನ ಸಂಚಿಕೆಯಲ್ಲಿ ನನ್ನ ಕ್ಷಮಾಪಣೆಯ ನಾಲ್ಕು ಸಾಲುಗಳೊಂದಿಗೆ, ಹಿಂದೆ ನಾವು ತಿರಸ್ಕರಿಸಿದ್ದ ಒಂದು ಫೋಟೋ ಅಚ್ಚಾಯಿತು. ಯಾರೋ ಮೊಬೈಲಿನಲ್ಲಿ ತೆಗೆದುದು. ಮಳೆಹನಿಯಿಂದ ಅರ್ಧ ಮಸುಕು. ಒಂದು ಕೊಡೆ ಮೂರು ಮಕ್ಕಳನ್ನು ಮುಚ್ಚಿತ್ತು. ಆ ತಾಯಿ ಪುನಃ ಜಗಲಿಗೆ ಬಂದು, ಮೊಮ್ಮಗಳು ಕೊಡೆಯ ಹಿಂದೆ ಇದ್ದಾಳೆ, ಲಂಗದ ಅಂಚು ಮಾತ್ರ ಕಾಣುತ್ತಿದೆ ಎಂದು ಬೆರಳಿಟ್ಟು ತೋರಿಸಿದರು.

ಪ್ರಿಯ ವಾಚಕರೇ, ದಿನವೂ ನಿಮ್ಮ ಮೊಬೈಲಿಗೆ ಹತ್ತಾರು ಚಿತ್ರಗಳು ಬಂದು ಬೀಳುತ್ತವೆ. ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಆ ಹಿರಿಯ ಮಾತೆ ಕೇಳಿದ ಪ್ರಶ್ನೆಯನ್ನೇ ಕೇಳಿರಿ: ಇವರು ಯಾರು, ಯಾವ ಊರಿನವರು? ನಿಮ್ಮ ಮಕ್ಕಳಿಗೂ ಆ ಪ್ರಶ್ನೆಯನ್ನು ಕಲಿಸಿರಿ. ಉತ್ತರ ದೊರೆಯದಿದ್ದರೆ ಆ ಚಿತ್ರ ನಿಮ್ಮಲ್ಲಿಯೇ ನಿಲ್ಲಲಿ.