ಡಾಂಬರಿಗೂ ಪರೀಕ್ಷೆ

ನಾವು ನಿತ್ಯ ನಡೆದಾಡುವ ರಸ್ತೆಯಲ್ಲಿ ಜಲ್ಲಿಯನ್ನು ಬೆಸೆದು ಹಿಡಿದಿರುವುದು ಡಾಂಬರು. ಅದು ತೀರ ಮೆದುವಾದರೆ ಬೇಸಗೆಯಲ್ಲಿ ಗಾಲಿಯ ಜಾಡು ಬೀಳುವುದು. ತೀರ ಪೆಡಸಾದರೆ ಬಿರುಕಿನೊಳಗೆ ಮಳೆನೀರಿಳಿದು ಹೊಂಡವಾಗುವುದು.

25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಒಟ್ಟು 100 ಗ್ರಾಂ ಭಾರದ ಸೂಜಿಯು 5 ಸೆಕೆಂಡುಗಳಲ್ಲಿ ಎಷ್ಟು ಆಳಕ್ಕೆ ಇಳಿಯುವುದೆಂದು ಅಳೆಯುವುದು ಒಂದು ಪರೀಕ್ಷೆ. ಹಿತ್ತಾಳೆಯ ಉಂಗುರದಲ್ಲಿ ಡಾಂಬರು ತುಂಬಿ, ಮೇಲೆ ಉಕ್ಕಿನ ಗುಂಡನ್ನಿರಿಸಿ, ನೀರಿನಲ್ಲಿ ಮೆಲ್ಲನೆ ಕಾಯಿಸಿ, ಯಾವ ಕಾವಿನಲ್ಲಿ ಅದು 25 ಮಿಲಿಮೀಟರ್ ಜಗ್ಗುವುದೆಂದು ಗುರುತಿಸುವುದು ಇನ್ನೊಂದು. 2006ರ ಭಾರತೀಯ ಮಾನಕವು 60 ಡಿಗ್ರಿಯಲ್ಲಿನ ಸ್ನಿಗ್ಧತೆಯನ್ನು, ಅಂದರೆ ಹರಿವನ್ನು ತಡೆಯುವ ಗುಣವನ್ನು, ದರ್ಜೆಗೆ ಆಧಾರವಾಗಿಸಿತು. ಕಡುಬೇಸಗೆಯಲ್ಲಿ ರಸ್ತೆ ಸುಮಾರು ಅಷ್ಟು ಕಾಯುವುದು.

ಉತ್ತಮ ಡಾಂಬರೂ ಮಿತಿಮೀರಿ ಕಾಯಿಸಿದರೆ ಪೆಡಸಾಗುವುದು. ಆದುದರಿಂದ ಕೆಲಸದ ಸ್ಥಳದಲ್ಲಿಯೂ ಎಚ್ಚರ ಅವಶ್ಯಕ. ನಮ್ಮ ಮಕ್ಕಳ ದಾರಿಯಲ್ಲಿ ಹೊಂಡ ಬಿದ್ದ ಮೇಲೆ ಪರೀಕ್ಷಿಸಿ ಫಲವೇನು?