ಕತ್ತಿನ ಪೈಪು ಕಾಯಂ ಆಗದಿರಲಿ

ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆ ಆಗಿರುತ್ತದೆ. ಅಲ್ಲಿಯವರೆಗೆ ಪಕ್ಕದ ಹಾಸಿಗೆಯವರೊಂದಿಗೆ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ‘ಸಿಸ್ಟರ್, ಎಸಿ ಕಮ್ಮಿ ಮಾಡಿ’ ಎನ್ನುತ್ತಾರೆ. ಎರಡೆರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ನಿಲ್ಲುವುದಿಲ್ಲ. ಕತ್ತಿನಲ್ಲಿ ಪೈಪಿರುವ ರೋಗಿಗೆ ಹೀಗಾದರೆ ಅನುಭವಸ್ಥ ನರ್ಸ್ ಎಸಿಯತ್ತ ನೋಡುವುದಿಲ್ಲ. ಡಾಕ್ಟರನ್ನು ಕರೆದು, ಬ್ಲಡ್ ಕಲ್ಚರ್ ಬಾಟಲಿ ತರುತ್ತಾರೆ. ಮನೆಯಲ್ಲಿ ಇಲ್ಲದ ಚಳಿಜ್ವರ ಯಂತ್ರಕ್ಕೆ ಜೋಡಿಸಿದ ಕೂಡಲೇ ಬಂತೆಂದರೆ, ಪೈಪಿನ ಒಳಗೋಡೆಗೆ ಅಂಟಿ ಬೆಳೆದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿರಬಹುದೆಂದು ಮೊದಲು ಶಂಕಿಸಬೇಕು.

ಡಯಾಲಿಸಿಸ್‌ಗೆಂದು ಹಾಕುವ ಈ ಪೈಪೇ ಕ್ಯಾತಿಟರ್; ಅದರಲ್ಲಿ ಎರಡು ಬಗೆ. ತುರ್ತಿಗೆ ಹಾಕುವ ತಾತ್ಕಾಲಿಕ ಕ್ಯಾತಿಟರ್ ಕತ್ತಿನಲ್ಲಿ ಎರಡು ವಾರ ಮೀರಿ ಇರಬಾರದು. ಇನ್ನೊಂದು, ಎಲ್ಲರೂ ‘ಪರ್ಮ್‌ಕ್ಯಾತ್’ ಎನ್ನುವುದು, ಎದೆಯ ಚರ್ಮದಡಿ ಹಾದು ಕತ್ತಿನ ರಕ್ತನಾಳ ಸೇರುತ್ತದೆ. ಅದಕ್ಕಿರುವ ಬಟ್ಟೆಯಂಥ ಪಟ್ಟಿಗೆ ಮಾಂಸ ಅಂಟಿಕೊಂಡು ಪೈಪು ಭದ್ರವಾಗುತ್ತದೆ. ಆದರೆ ಅದನ್ನೂ ಹೆಚ್ಚಿನವರಿಗೆ ಹಾಕುವುದು ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಹೊಲಿದು ಮಾಡುವ ಜೋಡಣೆ, ತಯಾರಾಗುವವರೆಗೆ ಮಾತ್ರ. ನಮ್ಮಲ್ಲಿ ಆ ‘ಅಲ್ಲಿಯವರೆಗೆ’ ವರ್ಷಗಟ್ಟಲೆ ಎಳೆಯುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ಸೋಂಕು ರಕ್ತದಲ್ಲೇ ನಿಲ್ಲುವುದಿಲ್ಲ. ಸ್ಟೆಫೈಲೋಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾ ಹೃದಯದ ಕವಾಟದಲ್ಲಿ, ಬೆನ್ನುಮೂಳೆಯಲ್ಲಿ ಬೀಡು ಬಿಡುತ್ತದೆ. ಪೈಪಿರುವವರ ಹೊಸ ಬೆನ್ನುನೋವನ್ನು ಬರೀ ಮುಲಾಮಿಗೆ ಬಿಡಬಾರದು. ಪೈಪಿನ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಹರಿವು ಇಳಿಯುತ್ತದೆ; ನಾಲ್ಕು ಗಂಟೆ ಮಲಗಿದ್ದರೂ ರಕ್ತ ಸರಿಯಾಗಿ ಶುದ್ಧವಾಗುವುದಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ಬಹುಕಾಲ ಉಜ್ಜುತ್ತಲೇ ಇರುವ ಪೈಪು ಎದೆಯೊಳಗಿನ ದೊಡ್ಡ ರಕ್ತನಾಳವನ್ನೇ ಕಿರಿದಾಗಿಸುತ್ತದೆ. ಕೈ, ಮುಖ ಊದಿಕೊಳ್ಳುತ್ತವೆ. ಮುಂದೆ ಆ ಕಡೆಯ ಕೈಯಲ್ಲಿ ಫಿಸ್ಟುಲಾ ಮಾಡುವುದೇ ಕಷ್ಟವಾಗಬಹುದು.

ಫಿಸ್ಟುಲಾ ಹೊಸದೇನಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ರೆಸಿಯಾ, ಸಿಮಿನೊ ಮತ್ತು ಶಸ್ತ್ರವೈದ್ಯ ಅಪೆಲ್ 1966ರಲ್ಲಿ ಅದನ್ನು ಪ್ರಕಟಿಸಿದರು. ಮಣಿಕಟ್ಟಿನ ಬಳಿ ಅಪಧಮನಿಯನ್ನು ಅಭಿಧಮನಿಗೆ ಹೊಲಿದರೆ, ರಕ್ತದ ರಭಸಕ್ಕೆ ಅಭಿಧಮನಿ ಆರು ವಾರದಿಂದ ಮೂರು ತಿಂಗಳಲ್ಲಿ ಹಿಗ್ಗಿ ಗಟ್ಟಿಯಾಗುತ್ತದೆ. ಮೇಲೆ ಬೆರಳಿಟ್ಟರೆ ಜುಮ್ಮೆನ್ನುವ ಕಂಪನ ಸಿಗುತ್ತದೆ. ದೇಹದೊಳಗೆ ಪರಕೀಯ ವಸ್ತುವೇ ಇಲ್ಲ, ಹಾಗಾಗಿ ಸೋಂಕೂ ಬಹಳ ಕಡಿಮೆ.

ಆದರೂ ಮುಂದೂಡುತ್ತೇವೆ. ‘ಕ್ರಿಯಾಟಿನಿನ್ ಇಳಿಯಬಹುದು, ಕೈ ಆಪರೇಷನ್ ಮಾಡಿಸಿದರೆ ಡಯಾಲಿಸಿಸ್ ಗ್ಯಾರಂಟಿ ಆದಂಗೆ’ ಎಂಬ ಹೆದರಿಕೆ ಮನೆಮನೆಯಲ್ಲಿದೆ. ಫಿಸ್ಟುಲಾ ಇದ್ದರೆ ಪ್ರತಿ ಸಲ ಎರಡು ದಪ್ಪ ಸೂಜಿ ಚುಚ್ಚಿಸಿಕೊಳ್ಳಬೇಕು. ಪೈಪಿಗೆ ಆ ನೋವಿಲ್ಲ ಎಂಬುದೂ ನಿಜವೇ. 2016ರಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳನ್ನು ತಂದಿತು, ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಸಿಗುತ್ತದೆ. ಆದರೆ ಫಿಸ್ಟುಲಾಗೆ ಹಲವರು ಇಂದಿಗೂ ದೊಡ್ಡ ಊರಿನ ಬಸ್ಸು ಹತ್ತಬೇಕು. ವಾರಕ್ಕೆ ಮೂರು ದಿನ ಯಂತ್ರಕ್ಕೇ ಹೋಗುವ ಮನುಷ್ಯ, ಕೂಲಿ ಬಿಟ್ಟು ನಾಲ್ಕನೆಯ ದಿನ ಆಪರೇಷನ್ನಿಗೆ ಎಲ್ಲಿಂದ ಹೊಂಚಬೇಕು? ಯಂತ್ರ ಕೊಟ್ಟ ಸರ್ಕಾರ ಶಸ್ತ್ರವೈದ್ಯರನ್ನೂ ತಿಂಗಳಿಗೊಮ್ಮೆಯಾದರೂ ಜಿಲ್ಲೆಗೆ ಕಳಿಸಲೇಬೇಕು.

ಕಿಡ್ನಿ ಕಾಯಿಲೆ ಮುಂದುವರಿದಿದೆ ಎಂದು ತಿಳಿದ ದಿನದಿಂದಲೇ ಬರೆಯದ ಕೈಯನ್ನು ಕಾಪಾಡಿಕೊಳ್ಳಬೇಕು. ರಕ್ತಪರೀಕ್ಷೆ, ಡ್ರಿಪ್ ಎಲ್ಲ ಆದಷ್ಟೂ ಅಂಗೈ ಹಿಂಬದಿಯ ನರಕ್ಕೆ. ‘ಈ ಕೈಗೆ ಚುಚ್ಚಬೇಡಿ ಸಿಸ್ಟರ್’ ಎನ್ನಲು ಸಂಕೋಚ ಬೇಡ.

ಹೃದಯ ತೀರಾ ದುರ್ಬಲವಾಗಿದ್ದು ಅಥವಾ ನರಗಳೆಲ್ಲ ಮುಗಿದು ಪೈಪೇ ಗತಿಯಾದವರೂ ಇದ್ದಾರೆ. ಅವರ ಡ್ರೆಸಿಂಗ್ ಒದ್ದೆಯಾಗಬಾರದು. ತಲೆಯ ಮೇಲೆ ನೀರು ಹುಯ್ದುಕೊಳ್ಳುವ ಸ್ನಾನ ಬೇಡ. ಮುಚ್ಚಳ ತೆಗೆಯುವಾಗ ನರ್ಸ್ ಮತ್ತು ರೋಗಿ ಇಬ್ಬರೂ ಮಾಸ್ಕ್ ಹಾಕಿರಬೇಕು. ಬೇರೆ ಇಂಜೆಕ್ಷನ್ನಿಗೆ ಆ ಪೈಪನ್ನು ಯಾರೂ ಮುಟ್ಟಬಾರದು. ಚಳಿ ಬಂದರೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.